ಹೆಸರಿಲ್ಲದವನ ಪರ ನಿಂತ ಮಾಸ್ತರು

ಮಾಸ್ತರ ಹುಬ್ಬುಗಳು ಬೆಳ್ಳಗಿದ್ದವು. ವಯಸ್ಸಿನಿಂದಲ್ಲ, ಹಿಟ್ಟಿನಿಂದ. ಧಾರವಾಡದ ನಮ್ಮ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಮೇಲೆ ಹಲಗೆ ಹಾಸಿದ ಮಾಸ್ತರ ಕೋಣೆ. ಕೆಳಗೆ ಜೋಳ ಬೀಸಿದಂತೆಲ್ಲ ಹಲಗೆಯ ಸಂದುಗಳಿಂದ ಹಿಟ್ಟು ಮೇಲೆದ್ದು ಪುಸ್ತಕಗಳ ಮೇಲೆ, ಹಾಸಿಗೆಯ ಮೇಲೆ, ಮಾಸ್ತರ ಹುಬ್ಬು ಮತ್ತು ಕಿವಿಗೂದಲ ಮೇಲೆ ಕೂಡುತ್ತಿತ್ತು. ಅವರು ಒರೆಸಿಕೊಳ್ಳುತ್ತಿರಲಿಲ್ಲ. "ಒರಸಿದ್ರ ಮತ್ತ ಬರತದ. ಅದಕ್ಕೂ ಬ್ಯಾಸರ, ನನಗೂ ಬ್ಯಾಸರ" ಎನ್ನುತ್ತಿದ್ದರು. ಖಾರ ಕುಟ್ಟುವ ದಿನ ಮಾತ್ರ ಟ್ಯೂಷನ್ನಿಗೆ ರಜೆ. ಒಮ್ಮೆ ಹಟಕ್ಕೆ ಬಿದ್ದು ಖಾರದ ದಿನವೂ ಅವರು ಪಾಠ ಮಾಡಲು ಹೋದಾಗ, ಒಂದು ಸಾನೆಟ್ಟಿನ ನಡುವೆ ಇಡೀ ಕ್ಲಾಸು ಸೀನಿ ಸೀನಿ ಕಣ್ಣೀರಿಟ್ಟಿತ್ತು.

ಅವರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಗಿರಣಿಯವನ ಮನೆಯಲ್ಲೇ ಊಟ, ಸಂಜೆ ಬಿ.ಎ. ಓದುವವರಿಗೆ ಮೇಲಿನ ಕೋಣೆಯಲ್ಲಿ ಪಾಠ. ಗಿರಣಿಯ ಸದ್ದಿನ ಮೇಲೆ ಕೇಳಿಸಬೇಕಾದ್ದರಿಂದ ಅವರ ದನಿ ಪಳಗಿ ಗಟ್ಟಿಯಾಗಿತ್ತು. ಮನುಷ್ಯ ಮಾತ್ರ ಬಹಳ ಮೆತ್ತಗೆ. ರಸ್ತೆ ದಾಟುವಾಗ ನಿಂತ ಆಟೋದವನಿಗೂ ಕೈ ಮುಗಿದು "ಹೋಗಲೇನಪಾ?" ಎಂದು ಕೇಳುತ್ತಿದ್ದರು.

ಅವರದೊಂದು ಮಾತಿತ್ತು: "ಅವನ ಬಾಯಿಂದನೂ ಕೇಳೋಣಲಾ." ಯಾರ ಮೇಲೆ ಯಾರು ಚಾಡಿ ಹೇಳಿದರೂ ಇದೇ ಮಾತು. ಒಂದು ದಿನ ಗಿರಣಿಯ ಪಾಳಿಯಲ್ಲಿ ಯಾರ ಡಬ್ಬಿ ಮೊದಲು ಎಂದು ಇಬ್ಬರು ಹೆಂಗಸರು ಜಗಳಕ್ಕೆ ನಿಂತಾಗ ಮಾಸ್ತರು ಕೆಳಗಿಳಿದು ಬಂದರು. ಮೊದಲನೆಯಾಕೆಯ ಬಾಯಿಂದ ಕೇಳಲು ಕೂತರು. ಆಕೆ ಡಬ್ಬಿಯಿಂದ ಶುರುಮಾಡಿ ಸೊಸೆಯವರೆಗೆ, ಸೊಸೆಯ ತವರಿನವರೆಗೆ ಹೋದಳು. ಅಷ್ಟರಲ್ಲಿ ಎರಡನೆಯಾಕೆ ಸದ್ದಿಲ್ಲದೆ ತನ್ನ ಜೋಳ ಬೀಸಿಸಿಕೊಂಡು ಮನೆ ಮುಟ್ಟಿದ್ದಳು. ಗಿರಣಿಯವ ಹಣೆ ಚಚ್ಚಿಕೊಂಡು "ಕಾಕಾ, ನೀವು ಕೇಳೂದ ಬಿಟ್ಟರ ನಾಕು ಡಬ್ಬಿ ಹೆಚ್ಚಿಗಿ ಬೀಸತೇನಿ" ಎಂದ.

ನಾನು ಆ ಗಿರಣಿಗೆ ಹೋಗುತ್ತಿದ್ದದ್ದು ಜೋಳದ ಡಬ್ಬಿ ಹೊತ್ತುಕೊಂಡು. ಅವ್ವ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಪಾಳಿ ಬರುವವರೆಗೆ ಗೋಡೆಗೆ ಒರಗಿ ನಿಂತು ಮೇಲಿನಿಂದ ಬೀಳುವ ಇಂಗ್ಲಿಷ್ ಪಾಠ ಕೇಳುವುದು ನನಗೆ ರೂಢಿಯಾಗಿತ್ತು. ನಾನೂ ಬಿ.ಎ. ಸೇರಿದ್ದೆ, ಆದರೆ ಟ್ಯೂಷನ್ ನಮ್ಮ ಮನೆಯ ಮಾತಲ್ಲ. ಒಂದು ಸಂಜೆ ಮಾಸ್ತರು ಮೇಲಿನಿಂದ ಏನೋ ಪ್ರಶ್ನೆ ಕೇಳಿದರು. ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ತಡೆಯಲಾಗಲಿಲ್ಲ, ಕೆಳಗಿನಿಂದಲೇ ಉತ್ತರ ಕೂಗಿಬಿಟ್ಟೆ. ಮೆಟ್ಟಿಲ ಮೇಲೆ ಬಿಳಿ ಹುಬ್ಬುಗಳು ಕಾಣಿಸಿದವು. "ಉತ್ತರ ಹೇಳಿದಾಕಿ ಕೆಳಗ, ಸುಮ್ಮ ಕೂತವರು ಮ್ಯಾಲ. ಇದ್ಯಾವ ನ್ಯಾಯ? ಮ್ಯಾಲ ಬಾರವಾ" ಎಂದರು. ಹತ್ತಿ ಹೋದೆ. ಮತ್ತೆ ಇಳಿಯುವಷ್ಟರಲ್ಲಿ ಬಿ.ಎ. ಮುಗಿದಿತ್ತು.

ಅಪ್ಪನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ತೊಟ್ಟಿಲಲ್ಲಿದ್ದಾಗಲೇ ಅವನು ನಮ್ಮನ್ನು ಬಿಟ್ಟು ಹೋಗಿದ್ದ. ದೂರವೇನೂ ಹೋಗಿರಲಿಲ್ಲ, ಹುಬ್ಬಳ್ಳಿಗೆ. ಅಲ್ಲಿ ಇನ್ನೊಂದು ಸಂಸಾರ, ಒಬ್ಬ ಮಗಳು, ಬೈಕುಗಳ ಸೀಟ್ ಕವರ್ ಹೊಲಿಯುವ ಅಂಗಡಿ. ಸತ್ತ ಅಪ್ಪನಿಗೆ ಗೋಡೆಯ ಮೇಲೊಂದು ಫೋಟೊ, ಹಬ್ಬಕ್ಕೊಂದು ಮಾಲೆ ಇರುತ್ತದೆ. ಬಿಟ್ಟು ಹೋದ ಅಪ್ಪನಿಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಕಡೆ ಪ್ರತಿಯೊಬ್ಬರ ಹೆಸರಿನ ಹಿಂದೆ ಅಪ್ಪನ ಹೆಸರು, ಅದರ ಹಿಂದೆ ಅಡ್ಡಹೆಸರು ಬರುತ್ತದೆ. ಹಾಜರಿ ಕೂಗಿದಾಗಲೆಲ್ಲ ಅವನ ಹೆಸರು ನನ್ನ ಬೆನ್ನಿಗೆ ಬಂದು ಬಡಿಯುತ್ತಿತ್ತು. ನಾನು ಅವನನ್ನು ನೋಡಲು ಹೋಗಿರಲಿಲ್ಲ, ಹೋಗುವುದಿಲ್ಲ ಎಂದು ಹಟ ಹಿಡಿದಿದ್ದೆ. ಅದೇ ನನ್ನ ಮರ್ಯಾದೆ ಎಂದು ತಿಳಿದಿದ್ದೆ.

ಕೊನೆಯ ವರ್ಷ ನಮಗೆ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಪಠ್ಯವಾಗಿತ್ತು. ಓದಿನ ಹುಚ್ಚು ಹಿಡಿದ ಒಬ್ಬ ವಿದ್ಯಾರ್ಥಿ ಹೆಣಗಳ ತುಂಡು ಜೋಡಿಸಿ ಅದಕ್ಕೆ ಜೀವ ಕೊಡುತ್ತಾನೆ. ಅದು ಕಣ್ಣು ತೆರೆದ ಕೂಡಲೇ ಅದರ ಕುರೂಪಕ್ಕೆ ಹೆದರಿ ಓಡಿಹೋಗುತ್ತಾನೆ. ಹೆಸರು ಕೂಡ ಇಡುವುದಿಲ್ಲ. ಮಾಸ್ತರು ಯಾವ ಕಾದಂಬರಿಯನ್ನೂ ನೇರವಾಗಿ ಕಲಿಸುತ್ತಿರಲಿಲ್ಲ. ಮೊದಲು ಕತೆಯನ್ನು ನಮ್ಮ ಕಡೆಗೆ ತರಬೇಕು, ನಮ್ಮ ಮಾತಿನಲ್ಲಿ ಹೇಳಬೇಕು. ಆಮೇಲೆ ಪಂಚಾಯ್ತಿ ಕೂಡಿಸಿ ಯಾರದು ಸರಿ, ಯಾರದು ತಪ್ಪು ಎಂದು ವಾದಿಸಬೇಕು. ಹಾಗಾಗಿ ನಮ್ಮ ಕತೆಯಲ್ಲಿ ಆ ವಿದ್ಯಾರ್ಥಿ ಹುಬ್ಬಳ್ಳಿಯ ಒಂದು ಲಾಜಿನ ಕೋಣೆಯಲ್ಲಿ ಪ್ರಯೋಗ ನಡೆಸಿದ. ಅವನು ಬಿಟ್ಟು ಓಡಿದ ಜೀವ ಊರೂರು ಅಲೆದು, ಕಲ್ಲೇಟು ತಿಂದು, ಉಪ್ಪಿನಬೆಟಗೇರಿಯ ಒಂದು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅಡಗಿ ಕೂತಿತು. ಗೋಡೆಯ ಬಿರುಕಿನಿಂದ ಆ ಮನೆಯವರ ಮಾತು ಕೇಳಿ ಕೇಳಿ ಮಾತು ಕಲಿಯಿತು. ಯಾರಿಗೂ ತಿಳಿಯದಂತೆ ಅವರಿಗೆ ಕಟ್ಟಿಗೆ ಒಡೆದು ಇಡುತ್ತಿತ್ತು. ಮನೆಯ ಕುರುಡು ಅಜ್ಜ ಅದರ ದನಿ ಕೇಳಿ ಪ್ರೀತಿಯಿಂದ ಮಾತಾಡಿಸಿದ. ಕಣ್ಣಿದ್ದ ಉಳಿದವರು ಬಂದು ನೋಡಿ ಬಡಿಗೆ ಎತ್ತಿಕೊಂಡರು.

"ನೀನೂ ಹಾಂಗ ಕಲತಾಕಿ, ಹೌದಿಲ್ಲೋ? ಗ್ವಾಡಿ ಹಿಂದ ನಿಂತು" ಎಂದು ಮಾಸ್ತರು ನನ್ನ ಕಡೆ ನೋಡಿ ನಕ್ಕರು. ಅವರಿಗೆ ಅದು ಹೊಗಳಿಕೆ. ನನಗೆ ಮೈ ಉರಿಯಿತು.

ಕ್ಲಾಸಿನಲ್ಲಿ ಎಲ್ಲರೂ ಆ ಜೀವಕ್ಕೆ ಅದನ್ನು ಮಾಡಿದವನ ಹೆಸರನ್ನೇ ಹಿಡಿದು ಕರೆಯುತ್ತಿದ್ದರು. ಗೈಡ್ ಓದಿಕೊಂಡು ಬಂದಿದ್ದ ಒಬ್ಬ "ಸರ್, ಅದು ತಪ್ಪರಿ. ಅದು ಮಾಡಿದವನ ಹೆಸರು" ಎಂದ.

"ನಿನ್ನ ಹೆಸರಿನ ಹಿಂದ ಯಾರ ಹೆಸರದ?" ಮಾಸ್ತರು ಕೇಳಿದರು.

"ಅಪ್ಪಂದರಿ."

"ಮತ್ತ? ಅಪ್ಪ ಹೆಸರ ಇಡದನ ಓಡಿಹೋದ. ಮುಂದ ಬಂದ ಮಂದಿ ಅಪ್ಪನ ಹೆಸರ ಹಚ್ಚಿ ಕರದ್ರು. ಪರೀಕ್ಷಾದಾಗ ತಪ್ಪು ಖರೇ. ಆದರ ಆ ಪಾಪದ ಕೂಸಿಗೆ ಮಂದಿಯಿಂದ ಸಿಕ್ಕ ನ್ಯಾಯ ಅದೊಂದನ."

ಎಲ್ಲರೂ ನಕ್ಕರು. ಎಂಟಡಿ ಎತ್ತರದ ಆ ಭಯಂಕರನನ್ನು ಮಾಸ್ತರು ಯಾವಾಗಲೂ ಕೂಸು ಎಂದೇ ಕರೆಯುತ್ತಿದ್ದರು. ನಾನು ನಗಲಿಲ್ಲ. "ಬಿಟ್ಟು ಹೋದಾವನ ಹೆಸರು ಹೊತಗೊಂಡು ತಿರಗೂದು ನ್ಯಾಯ ಅಲ್ಲರಿ ಸರ್, ಶಿಕ್ಷಾ ಐತಿ" ಎಂದೆ. ಮಾಸ್ತರು ನನ್ನ ಕಡೆ ನೋಡಿ ಪುಟ ತಿರುವಿದರು.

ಪಂಚಾಯ್ತಿ ಕೂತಾಗ ನಾನು ಆ ಜೀವದ ವಿರುದ್ಧ ನಿಂತೆ. ಉಳಿದವರು ಅಯ್ಯೋ ಪಾಪ ಎನ್ನುತ್ತಿದ್ದರೆ ನನಗೆ ಅದರ ಮೇಲೆ ತಿರಸ್ಕಾರವೇ ಹುಟ್ಟಿತ್ತು. ಬಿಟ್ಟು ಹೋದವನ ಬೆನ್ನು ಯಾಕೆ ಹತ್ತಬೇಕು? ಪುಸ್ತಕದಲ್ಲಿರುವಂತೆ ಹಿಮದ ಗುಡ್ಡ ಹತ್ತಿ ಹೋಗಿ, ಅವನೆದುರು ನಿಂತು ನನ್ನನ್ನು ನೋಡು, ನನ್ನ ಮಾತು ಕೇಳು ಎಂದು ಯಾಕೆ ಗೋಗರೆಯಬೇಕು? ಮಾನ ಇದ್ದವರು ಹಾಗೆ ಮಾಡುವುದಿಲ್ಲ. ಇದನ್ನೆಲ್ಲ ಗಿರಣಿಗಿಂತ ಜೋರಾಗಿ ಹೇಳಿದೆ. ಮಾಸ್ತರು ತಲೆ ಆಡಿಸುತ್ತ ಕೇಳಿದರು. ಕೊನೆಗೆ "ಅವನ ಬಾಯಿಂದನೂ ಕೇಳೋಣಲಾ. ಅವ ಆಸ್ತಿ ಬೇಡಲಿಲ್ಲ, ಮನಿ ಬೇಡಲಿಲ್ಲ. ಎಲ್ಲಾಕ್ಕಿಂತ ಮೊದಲ ಬೇಡಿದ್ದು ಒಂದ: ಕೂತು ನನ್ನ ಮಾತು ಪೂರಾ ಕೇಳು ಅಂತ. ಅಷ್ಟಕ್ಕ ಮಾನ ಹೋಗತದೇನವಾ?" ಎಂದರು. ಹೋಗುತ್ತದೆ ಎಂದೇ ನಾನು ಹೇಳಿದೆ.

ಆ ವಾರವೇ ಗೆಳತಿಯೊಬ್ಬಳ ಮೊಬೈಲಿನಲ್ಲಿ ಒಂದು ಲಗ್ನಪತ್ರಿಕೆ ನೋಡಿದೆ. ಹುಬ್ಬಳ್ಳಿಯ ಮದುವೆ. ವಧುವಿನ ಹೆಸರಿನ ಹಿಂದೆ ಅಪ್ಪನ ಹೆಸರು, ಅದರ ಹಿಂದೆ ನಮ್ಮದೇ ಅಡ್ಡಹೆಸರು. ನನಗಿಂತ ಚಿಕ್ಕವಳು, ನಾನು ಎಂದೂ ನೋಡಿರದ ಹುಡುಗಿ. ಅವಳ ಅಪ್ಪ ಎರಡೂ ಕೈ ಜೋಡಿಸಿ ಸರ್ವರಿಗೂ ಆದರದ ಸ್ವಾಗತ ಕೋರಿದ್ದ. ನಾನು ಆ ಸ್ವಾಗತವನ್ನು ಸ್ವೀಕರಿಸುವುದೆಂದು ನಿಶ್ಚಯಿಸಿದೆ. ಅಕ್ಷತೆಯ ಹೊತ್ತಿಗೆ ಕಲ್ಯಾಣ ಮಂಟಪದ ನಡುವೆ ನಿಂತು, ಬೀಗರ ಕಿವಿಗೆಲ್ಲ ಬೀಳುವಂತೆ, ನಾನು ಯಾರೆಂದು ಹೇಳುವುದು. ಅವ್ವನಿಗೆ ತಿಳಿಸಲಿಲ್ಲ. ಯಾವ ಸೀರೆ ಉಡಬೇಕೆಂಬುದು ಕೂಡ ಗೊತ್ತುಮಾಡಿಕೊಂಡಿದ್ದೆ. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಅದೇ ಹೊತ್ತಿಗೆ ಪಾಠವೂ ಆ ಜಾಗಕ್ಕೆ ಬಂದಿತ್ತು. ತನ್ನ ಮಾತಿಗೆ ಬೆಲೆ ಸಿಗದ ಆ ಜೀವ, ಮಾಡಿದವನ ಮದುವೆಯ ದಿನ ಬಂದೇ ಬರುತ್ತೇನೆ ಎಂದು ಬೆದರಿಸುತ್ತದೆ, ಬಂದು ಮದುಮಗಳನ್ನು ಕೊಲ್ಲುತ್ತದೆ. ಅಲ್ಲಿಯವರೆಗೆ ಪಾಪ ಪಾಪ ಎಂದಿದ್ದ ಪಂಚಾಯ್ತಿಯವರೆಲ್ಲ ಒಮ್ಮೆಲೇ ಅದರ ಕೈಬಿಟ್ಟರು. ನಾನೊಬ್ಬಳೇ ಎದ್ದು ನಿಂತು "ಅವ ಜನ್ಮದಾಗ ಮಾಡಿದ್ದರಾಗ ಅದೊಂದ ಛಲೋ ಮಾಡಿದ ನೋಡ್ರಿ" ಎಂದೆ.

ಎಲ್ಲರೂ ಹೋದ ಮೇಲೆ ಮಾಸ್ತರು ನನ್ನನ್ನು ನಿಲ್ಲಿಸಿಕೊಂಡರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತ ಕೇಳಿದರು: "ಯಾರ ಮದುವಿ ಅದವಾ?"

ಅವರಿಗೆ ಹೇಗೆ ತಿಳಿಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಹೇಳಬಾರದೆಂದುಕೊಂಡವಳು ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ, ಲಗ್ನಪತ್ರಿಕೆ, ಮಂಟಪ, ಸೀರೆ. ಅವರು ನಡುವೆ ಒಂದು ಮಾತೂ ಆಡಲಿಲ್ಲ. ತಪ್ಪು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಮುಗಿಸಿದ ಮೇಲೆ ಹೇಳಿದರು: "ನಾ ಆ ಕೂಸಿನ ಕಡೀಯಾಂವ. ಮೊದಲಿಂದನೂ ಹೌದು, ಕೊನಿತನಾನೂ ಹೌದು. ಕೊಂದ ಮ್ಯಾಲೂ ನನಗ ಅವನ್ನ ನೋಡಿದ್ರ ಕರಳು ಚುರ್ ಅಂತದ. ಆದರ ಆ ಮದುಮಗಳು ಇದ್ದಾಳಲಾ, ಆಕಿ ಅವನ್ನ ಕಣ್ಣಿಲೆ ನೋಡಿದಾಕೀನೂ ಅಲ್ಲ. ಅವಗ ಮಾತಾಡೋದು ಇದ್ದದ್ದು ಯಾರ ಕೂಡ?"

"ಮಾಡಿದಾವನ ಕೂಡ."

"ನಿನಗ?"

ನಾನು ಪುಸ್ತಕ ಮುಚ್ಚಿ ಚೀಲಕ್ಕೆ ತುರುಕಿದೆ.

"ಹಂಗಾರ ನಿಮ್ಮಪ್ಪನ ಕೂಡನ ಮಾತಾಡೋಣಂತ. ಆ ಕೂಸಿಗೆ ಜೋಡಿ ಯಾರೂ ಇದ್ದಿಲ್ಲ, ಒಬ್ಬನ ಹೋದ. ನಿನ್ನ ಕೂಡ ನಾ ಬರತೇನಿ."

ಮಾಸ್ತರಿಗೆ ಮಂಡಿನೋವು. ಹುಬ್ಬಳ್ಳಿಗೆ ಹೋಗುವುದೆಂದರೆ ಅವರಿಗೆ ವಿಲಾಯತಿಗೆ ಹೋದ ಹಾಗೆ. ಆದರೂ ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಗಲಲ್ಲಿ ಕೊಡೆ ಇಟ್ಟುಕೊಂಡು ಹೊರಟೇಬಿಟ್ಟರು. ಬಸ್ಸಿನಲ್ಲಿ ನನ್ನ ಪಕ್ಕ ಕೂತರು. ಲಕಮನಹಳ್ಳಿ ದಾಟುವಾಗ ನನಗೆ ಇಳಿದು ವಾಪಸು ಓಡಬೇಕೆನ್ನಿಸಿತು. ಅವರ ಕೊಡೆ ನನ್ನ ಕಾಲಿಗೆ ಅಡ್ಡ ಇತ್ತು. ಬೇಕೆಂದೇ ಇಟ್ಟಿದ್ದರೋ ಏನೋ.

ಅಂಗಡಿ ಸಣ್ಣದು. ಬಾಗಿಲಲ್ಲಿ ಸೀಟ್ ಕಳಚಿದ ಬೈಕುಗಳು, ಒಳಗೆ ರೆಕ್ಸಿನ್ ವಾಸನೆ. ಕಿವಿಯಲ್ಲಿ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಂಡು ಒಬ್ಬ ಮನುಷ್ಯ ಹೊಲಿಗೆ ಮಷಿನ್ ಮುಂದೆ ಬಾಗಿದ್ದ. ನನ್ನದೇ ಮೂಗು. "ಯಾವ ಗಾಡೀರಿ?" ಎಂದ, ತಲೆ ಎತ್ತದೆ. ನಾನು ನನ್ನ ಪೂರ್ತಿ ಹೆಸರು ಹೇಳಿದೆ, ನಡುವೆ ಅವನ ಹೆಸರೂ ಸೇರಿ.

ಮಷಿನ್ ಒಂದು ಸಲ ನಿಂತಿತು. ಮತ್ತೆ ಶುರುವಾಯಿತು. ನಾನು ಮಾತಾಡತೊಡಗಿದೆ. ಅವನು ಹೊಲಿಯುತ್ತಲೇ ಇದ್ದ. ನಾನು ದನಿ ಏರಿಸಿದಷ್ಟೂ ಅವನ ಮಷಿನ್ ಓಟ ಹೆಚ್ಚುತ್ತಿತ್ತು. ಆಗ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದ ಮಾಸ್ತರು ಎದ್ದರು. ಗಿರಣಿಯ ಮೇಲೆ ಪಾಠ ಮಾಡಿದ ಆ ದನಿ ಇಡೀ ಬಜಾರಿಗೆ ಕೇಳಿತು: "ಆಕಿ ಮಾತು ಇನ್ನೂ ಮುಗದಿಲ್ಲರಿ. ಮಷಿನ್ ನಿಲ್ಲಸ್ರಿ."

ಆಟೋದವನಿಗೂ ಕೈ ಮುಗಿಯುವ ಮನುಷ್ಯ. ಹಾಗೆ ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮಷಿನ್ ನಿಂತಿತು.

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಸಾಲೆಯಲ್ಲಿ ಅಪ್ಪನನ್ನು ಕರೆದುಕೊಂಡು ಬಾ ಎಂದ ದಿನ ನಾನು ಏನು ಸುಳ್ಳು ಹೇಳಿದೆ ಎಂಬುದನ್ನು. ಒಲೆಯ ಮುಂದೆ ಕೂತು ಕೂತು ಅವ್ವನ ಬೆರಳುಗಳು ಏನಾಗಿವೆ ಎಂಬುದನ್ನು. "ಅವ್ವ ಇನ್ನೂ ನಿನ್ನ ತಾಳಿ ಹಾಕ್ಕೊಂಡಾಳ. ಅದನ್ನ ಏನಂತ ತಿಳೀಬೇಕು ನಾವು? ನಾ ಏನ ಮಾಡಿದ್ದೆ ನಿನಗ? ತೊಟ್ಟಿಲದಾಗ ಇದ್ದಾಕಿ ಏನ ಮಾಡಿದ್ದೆ?" ಎಂದೆ. ಬಯ್ಯಬೇಕೆಂದುಕೊಂಡಿದ್ದ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. ಅವನು ಕೈಗಳನ್ನು ರೆಕ್ಸಿನ್ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿದ್ದ.

ನಾನು ಸುಮ್ಮನಾದ ಮೇಲೆ ಕೇಳಿದ: "ಮುಗೀತೇನು?"

ಒರಟಾಗಿ ಕೇಳಲಿಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ. ನಾನು ಹುಡುಕಿ ನೋಡಿದೆ. ಒಳಗೆ ಏನೂ ಉಳಿದಿರಲಿಲ್ಲ. "ಮುಗೀತು" ಎಂದೆ. ಅವನು ಕ್ಷಮಿಸು ಎನ್ನಲಿಲ್ಲ, ಕಾರಣ ಹೇಳಲಿಲ್ಲ. "ಚಾ ಹೇಳತೇನಿ, ಕುಡದು ಹೋಗ್ರಿ" ಎಂದ. ನಾನು ಮುಟ್ಟಲಿಲ್ಲ. ಮಾಸ್ತರು ಕುಡಿದರು! ಬಸಿಯಲ್ಲಿ ಸುರುವಿಕೊಂಡು, ಸೊರ್ ಎಂದು ಸದ್ದು ಮಾಡುತ್ತ.

ಹೊರಗೆ ಬಂದ ಕೂಡಲೇ ಅವರ ಮೇಲೆ ಹರಿಹಾಯ್ದೆ. "ಅವನ ಚಾ ಯಾಕ ಕುಡದ್ರಿ ಸರ್?"

"ಅವನ ಕೈ ನಡಗತಿತ್ತವಾ. ಆ ಹೊತ್ತಿನಾಗ ಅವಗ ತಿಳದದ್ದು ಚಾ ಒಂದ. ಅದನ್ನೂ ಒಲ್ಲೆ ಅಂದ್ರ ಪಾಪ, ಎಲ್ಲಿ ಹೋಗಬೇಕು ಅಂವ?"

ಪಾಪ! ಆ ಮನುಷ್ಯನಿಗೂ ಪಾಪ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಾಸ್ತರು ನನ್ನನ್ನು ಒಂದು ತಿಂಡಿ ಗಾಡಿಯ ಮುಂದೆ ನಿಲ್ಲಿಸಿ ಚುರುಮುರಿಯ ಗಿರ್ಮಿಟ್ ಕೊಡಿಸಿದರು. ಖಾರ ಹೆಚ್ಚು ಹಾಕಲು ಹೇಳಿದರು, ಕಣ್ಣೀರಿಗೆ ಒಂದು ನೆಪ ಇರಲೆಂದು.

ಆದರೂ ಮಂಟಪದ ಆಸೆ ಪೂರ್ತಿ ಹೋಗಿರಲಿಲ್ಲ. ಮನಸ್ಸು ಒಂದು ದಿನ ಹೌದು, ಒಂದು ದಿನ ಅಲ್ಲ. ಸೀರೆ ಇನ್ನೂ ಮಡಿಸಿದಲ್ಲೇ ಇತ್ತು. ಮಾಸ್ತರು ಅದರ ಮಾತೇ ಎತ್ತಲಿಲ್ಲ. ಮದುವೆಯ ಹಿಂದಿನ ಸಂಜೆ ಮಾತ್ರ, ಎಲ್ಲರೂ ಮೆಟ್ಟಿಲಿಳಿಯುವಾಗ, "ನಾಳೆ ಮುಂಜಾನೆ ಸ್ಪೆಷಲ್ ಕ್ಲಾಸ್ ಅದ, ಲಗೂ ಬಾ" ಎಂದರು. ಮುಂಜಾನೆ ಹೋಗಿ ನೋಡಿದರೆ ಬೇರೆ ಯಾರೂ ಇಲ್ಲ. ಗಿರಣಿಯೂ ಬಂದ್. ಡಬ್ಬಿ ತಂದ ಗಿರಾಕಿಗಳಿಗೆ ಗಿರಣಿಯವ "ಕಾಕಾನ ಆರ್ಡರ್ ಐತಿ, ಮಧ್ಯಾಹ್ನ ಬರ್ರಿ" ಎಂದು ಗೊಣಗುತ್ತಿದ್ದ.

ಮಾಸ್ತರು ಪುಸ್ತಕ ತೆರೆದು ನನ್ನ ಮುಂದಿಟ್ಟರು. ಆ ಜೀವ ತನ್ನ ಕತೆಯನ್ನು ತಾನೇ ಹೇಳಿಕೊಳ್ಳುವ ಭಾಗ. "ಗಟ್ಟ್ಯಾಗಿ ಓದು. ನಾ ಕೇಳತೇನಿ" ಎಂದು ಕಣ್ಣು ಮುಚ್ಚಿ ಕೂತರು. ಓದುತ್ತ ಹೋದೆ. ಚಳಿಯಲ್ಲಿ ಒಂಟಿಯಾಗಿ ಎಚ್ಚರಗೊಂಡದ್ದು, ಮೊದಲ ಸಲ ಚಂದ್ರನನ್ನು ಕಂಡು ಖುಷಿಪಟ್ಟದ್ದು, ಕೊಳದ ನೀರಿನಲ್ಲಿ ತನ್ನ ಮುಖ ಕಂಡು ತಾನೇ ಬೆಚ್ಚಿದ್ದು, ಕುರುಡು ಅಜ್ಜನ ಬಾಗಿಲಲ್ಲಿ ನಿಂತು ಬಡಿಯಲೋ ಬೇಡವೋ ಎಂದು ನಡುಗಿದ್ದು. ಅಷ್ಟು ದಿನ ನಾನು ಯಾರನ್ನು ಮಾನಗೇಡಿ ಎಂದು ಬಯ್ದಿದ್ದೆನೋ ಅವನಿಗಾಗಿ ಆ ದಿನ ಮನಸಾರೆ ಅತ್ತೆ. ಅಷ್ಟು ಒಳ್ಳೆಯ ಕೂಸು. ಒಬ್ಬರೇ ಒಬ್ಬರು ಜೋಡಿ ಇದ್ದಿದ್ದರೆ ಸಾಕಿತ್ತು. ಓದು ತಡೆದಾಗ ಮಾಸ್ತರು ನೀರಿನ ತಂಬಿಗೆ ಮುಂದೆ ಸರಿಸಿದರು, ನಿಲ್ಲಿಸು ಎನ್ನಲಿಲ್ಲ. ಓದಿ ಮುಗಿಸಿ ಗಡಿಯಾರ ನೋಡಿದಾಗ ಹುಬ್ಬಳ್ಳಿಯಲ್ಲಿ ಅಕ್ಷತೆ ಬಿದ್ದು ಊಟದ ಪಂಕ್ತಿ ಕೂತಿರುವ ಹೊತ್ತು. "ಛಲೋ ಓದಿದಿ" ಎಂದರು ಮಾಸ್ತರು. ಆಮೇಲೆ ಕಿಟಕಿಯಿಂದ ಬಗ್ಗಿ "ಹಚ್ಚಪಾ ಗಿರಣಿ" ಎಂದು ಕೂಗಿದರು.

ನಾನು ಎಂ.ಎ. ಮುಗಿಸಿ ಕಾಲೇಜಿನಲ್ಲಿ ಕಲಿಸತೊಡಗಿದ ಮೇಲೆ ಒಂದು ಬೇಸಿಗೆಯಲ್ಲಿ ಮಾಸ್ತರು ತೀರಿಕೊಂಡರು. ಊಟ ಮಾಡಿ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಎಲ್ಲೆಲ್ಲಿಂದಲೋ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಪ್ರತಿಯೊಬ್ಬರೂ ಮಾಸ್ತರು ತಮ್ಮೊಬ್ಬರಿಗೇ ಸೇರಿದವರು ಎಂಬಂತೆ ಅಳುತ್ತಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅವರವರ ಕತೆ ಏನಿತ್ತೋ, ಯಾವ ಅಂಗಡಿಯ ಮುಂದೆ ಯಾರ ಜೋಡಿ ಮಾಸ್ತರು ಹೋಗಿ ನಿಂತಿದ್ದರೋ, ನಾನು ಕೇಳಲಿಲ್ಲ.

ಹೋದ ವರ್ಷ ಅಪ್ಪನೂ ಹೋದ. ಸುದ್ದಿ ತಿಳಿಸಿದವಳು ಅವನ ಮಗಳು. ಕೊನೆಗಾಲದಲ್ಲಿ ಅವನು "ಧಾರವಾಡದಾಗ ನಿನಗೊಬ್ಬಾಕಿ ಅಕ್ಕ ಅದಾಳ" ಎಂದು ಅವಳಿಗೆ ಹೇಳಿದ್ದನಂತೆ. ಕರ್ಮ ಎಲ್ಲ ಮುಗಿದ ಮೇಲೆ ಅವಳು ತನ್ನ ಮಗುವನ್ನು ಸೊಂಟದ ಮೇಲೆ ಕೂಡಿಸಿಕೊಂಡು ನಮ್ಮ ಮನೆಗೆ ಬಂದಳು. ಅವ್ವ ಏನೂ ಕೇಳದೆ ರೊಟ್ಟಿ ಬಡಿಯಲು ಕೂತಳು. ಹುಡುಗಿ ಬಹಳ ಮಾತುಗಾರ್ತಿ. ಒಂದೇ ಸಮನೆ ನನ್ನ ಮುಖ ನೋಡುತ್ತಿದ್ದಳು, ಮೂಗು ನೋಡುತ್ತಿದ್ದಳು. ಫೋನಿನಲ್ಲಿ ತನ್ನ ಮದುವೆಯ ಫೋಟೊಗಳನ್ನು ತೆಗೆದು ಒಂದೊಂದಾಗಿ ತೋರಿಸಿದಳು. ಹೂವಿನ ಮಂಟಪ, ಅಕ್ಷತೆ, ನಗುವ ಮದುಮಗಳು, ಬೀಗರ ನಡುವೆ ತಲೆ ಎತ್ತಿ ನಿಂತ ಅಪ್ಪ. ಒಂದು ಫೋಟೊದಲ್ಲೂ ಒಬ್ಬರ ಮುಖವೂ ಕೆಟ್ಟಿರಲಿಲ್ಲ.

"ಅಪ್ಪ ನನಗ ಹೇಳಿರಲಿಲ್ಲ ಖರೇ. ಆದರ ನಿನಗ ಗೊತ್ತಿತ್ತಲಾ? ನನ್ನ ಮದುವಿಗೆ ಯಾಕ ಬರಲಿಲ್ಲಕ್ಕಾ ನೀ?" ಎಂದಳು, ನಿಜವಾಗಿ ನೊಂದುಕೊಂಡು.

ನಾನು ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ಬಲ್ಲವರು ಒಬ್ಬರೇ ಇದ್ದರು. ಅವರು ಈಗ ಇಲ್ಲ.

"ಅವತ್ತ ನನಗ ಟ್ಯೂಷನ್ ಇತ್ತವಾ" ಎಂದೆ.

"ಮದುವಿ ದಿನಾ ಯಾವ ಮಾಸ್ತರ ಟ್ಯೂಷನ್ ಇಡತಾನಕ್ಕಾ?" ಎಂದು ಅವಳು ನಕ್ಕಳು.

"ಇಟ್ಟಿದ್ದರು. ನನ್ನೊಬ್ಬಾಕಿಗೇ ಇಟ್ಟಿದ್ದರು" ಎಂದು ಹೇಳಿ, ಅವಳ ಮಗುವನ್ನು ಎತ್ತಿಕೊಂಡೆ.